ಪ್ರಾಯೋಜಕರು ಬರೆಸಿದ ಮಾತು

"ಇದನ್ನ ಓದ್ದೋರು ಯಾರು?"

ಸ್ಟುಡಿಯೋ ಬಾಗಿಲು ಧಡಾರನೆ ತೆರೆದುಕೊಂಡಿತು. ಮೈಕಿನ ಮುಂದೆ ಕೂತಿದ್ದ ಮೈತ್ರೇಯಿ ಬೆಚ್ಚಿ ಎದ್ದು ನಿಂತಳು.

ಅವನನ್ನು ಅವಳು ಎದುರಿಗೆ ಕಂಡಿದ್ದು ಅದೇ ಮೊದಲು. ಆದರೂ ಗುರುತು ಸಿಗದೇ ಇರುತ್ತದೆಯೇ? ಎಂಟು ವಾರದಿಂದ ಹಾಸನ ಜಿಲ್ಲೆಯ ಮನೆಮನೆಯ ಕೇಬಲ್ ಟಿ.ವಿ.ಯಲ್ಲಿ ಬರುತ್ತಿದ್ದ ಮುಖ. ಬೈಕಿನಲ್ಲಿ ಹಿಮಾಲಯಕ್ಕೆ ಹೋಗಿ ಬಂದ ದಂಡಿಗನಹಳ್ಳಿಯ ದೇವರಾಜು!

"ನಾನೇ..." ಎಂದಳು ಮೆಲ್ಲಗೆ.

"'ಸಾವಿನ ಭಯಕ್ಕೆ ದೇವರಾಜು ಎರಡು ದಿನ ಕದಲಲಿಲ್ಲ' ಅಂದ್ರಲ್ಲ, ಅದು ನೀವಾ ಮೇಡಂ? ನಮ್ಮವ್ವ ಹಿರೀಸಾವೆ ಸಂತೆ ಕಡೀಕೆ ತಲೆ ಹಾಕಕ್ಕಾಯ್ತಿಲ್ಲ. 'ನಿನ್ ಮಗ ಎದ್ರುಕಂಡು ಕೂತ್ಬುಟ್ನಂತೆ ಸುಬ್ಬಮ್ಮ' ಅಂತ ಓಟ್ಲು ಮುಂದೆ ಜನ ನಗ್ತಾರೆ!"

"ಬರೆದು ಕೊಟ್ಟಿದ್ದನ್ನ ಓದಿದೆ ಅಷ್ಟೇ..."

"ಓದಕ್ಕೆ ಮುಂಚೆ ಆ ಟೇಪು ನೋಡಿದ್ರಾ?"

ಇಲ್ಲ. ಅವಳು ನೋಡಿರಲಿಲ್ಲ. ಅವನು ಉತ್ತರಕ್ಕೂ ಕಾಯದೆ ತಿರುಗಿ ಹೋದ. ಹೋಗುವಾಗ ಅವನ ಎಡ ಹೆಗಲು ಸ್ವಲ್ಪ ಇಳಿಬಿದ್ದಿದ್ದು ಮಾತ್ರ ಅವಳ ಕಣ್ಣಿಗೆ ಬಿತ್ತು.

ಅಂದು ಮಧ್ಯಾಹ್ನ ಊಟವನ್ನೂ ಬಿಟ್ಟು ಮೈತ್ರೇಯಿ ಕಪಾಟಿನಿಂದ ಆ ಟೇಪು ಹುಡುಕಿ ಹಾಕಿದಳು.

ಮನಾಲಿಯಾಚೆಯ ಇಳಿಜಾರು. ಬೈಕು ಅಡ್ಡ ಬಿದ್ದಿದೆ. ಮುಂದಿನ ಚಕ್ರದ ಹೊಚ್ಚಹೊಸ ಟೈರು ಪಕ್ಕದಲ್ಲಿ ಗೇಣುದ್ದ ಸೀಳಿದೆ. ಟವೆಲಿನಲ್ಲಿ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡ ದೇವರಾಜು ಕ್ಯಾಮರಾ ಹಿಡಿದ ಗೆಳೆಯನಿಗೆ ಹೇಳುತ್ತಿದ್ದ. "ವಸಂತ, ಇದನ್ನ ಜನಕ್ಕೆ ತೋರ್ಸು ಕಣ್ಲಾ. ನಂಬಿಕಂಡು ಯಾರಾನಾ ಇದೇ ಟೈರು ಹಾಕಿಸ್ಕಂಡ್ರೆ?"

ಹೆಗಲ ಮೂಳೆ ಬಿರುಕು ಬಿಟ್ಟಿತ್ತು. ಅದಕ್ಕೇ ಆ ಎರಡು ದಿನ. ಮೂರನೇ ದಿನ ಬೇರೆ ಟೈರು ಹಾಕಿಸಿ, ಒಂದೇ ಕೈಯ ಬಲದಲ್ಲಿ ಅವನು ಘಾಟಿ ಹತ್ತಿದ್ದ!

'ಅಯ್ಯೋ ದೇವರೇ... ಇಂಥವನನ್ನ ನನ್ನ ಬಾಯಿಂದಲೇ ಹೇಡಿ ಅಂದುಬಿಟ್ಟೆನಲ್ಲ!'

ಕೆನ್ನೆ ಒರೆಸಿಕೊಳ್ಳುತ್ತಲೇ ಅವಳು ಜಯಂತ್ ಕೋಣೆಗೆ ನುಗ್ಗಿದಳು. ಚಾನೆಲ್ಲೂ ಅವನದೇ, ಕಾರ್ಯಕ್ರಮವೂ ಅವನದೇ.

"ಮುಂದಿನ ಕಂತಲ್ಲಿ ನಿಜ ಹೇಳೋಣ ಜಯಂತ್."

ಜಯಂತ್ ನಿಟ್ಟುಸಿರುಬಿಟ್ಟ. "ಯಾವ ದುಡ್ಡಲ್ಲಿ ಮೈತ್ರೇಯಿ? ಬೈಕು, ಜಾಕೆಟ್ಟು, ಪೆಟ್ರೋಲು, ವಸಂತನ ಸಂಬಳ, ಈ ಕುರ್ಚಿ ಕೂಡ... ಎಲ್ಲ ವಜ್ರಧಾರಾ ಟೈರಿನವರದ್ದು. ಪ್ರತಿ ಕಂತನ್ನೂ ಅವರು ಮೊದಲು ನೋಡಬೇಕು. ಒಪ್ಪಿದರೇ ಮುಂದಿನ ಹಣ. ಟೈರು ಸೀಳಿದ್ದು ತೋರಿಸೋಕಾಗಲ್ಲ, ಎರಡು ದಿನ ನಿಂತಿದ್ದಕ್ಕೆ ಕಾರಣ ಬೇಕು. ಅದಕ್ಕೆ ಅವರೇ 'ಭಯ' ಅಂತ ಬರೆಸಿದ್ರು."

"ಹಾಗಾದ್ರೆ ನಾನು ಬಿಡ್ತೀನಿ."

"ಬಿಡೋಕೆ ಬರಲ್ಲ. ಹದಿಮೂರು ಕಂತಿಗೂ ಸೈನ್ ಮಾಡಿದೀಯ. ಮೇಲಾಗಿ ಮೇಷ್ಟ್ರು ನಂಗೆ ಮಾತು ಕೊಟ್ಟಿದಾರೆ."

ಜಯಂತ್ ಅವಳ ಅಪ್ಪ, ಹೊಳೆನರಸೀಪುರದ ಸಂಪತ್ಕುಮಾರ ಮೇಷ್ಟ್ರ ಹಳೆಯ ಶಿಷ್ಯ. ಆ ನಂಬಿಕೆಯ ಮೇಲೇ ಅಪ್ಪ ಮಗಳನ್ನು ಹಾಸನದಲ್ಲಿ ಕೆಲಸಕ್ಕೆ ಬಿಟ್ಟಿದ್ದರು. ಬಾಗಿಲು ತೆರೆದೇ ಇತ್ತು... ಆದರೂ ಅವಳಿಗೆ ಉಸಿರು ಕಟ್ಟಿದಂತಾಯಿತು.

ಮರುದಿನ ದೇವರಾಜುವನ್ನು ಹುಡುಕಿಕೊಂಡು ಅರಕಲಗೂಡಿಗೆ ಹೋದಳು. ಅವನು ಒಂದು ಟೈರ್ ಅಂಗಡಿಯ ಮುಂದೆ ಬೈಕಿನ ಮೇಲೆ ಕೂತು, ಹೋಗಿಬರುವವರಿಗೆಲ್ಲ ಕೈ ಬೀಸುತ್ತಿದ್ದ. ಸುಡುಬಿಸಿಲಲ್ಲಿ ಆ ದಪ್ಪ ಜಾಕೆಟ್ಟು! ಮುಖದಲ್ಲಿ ನಗು ಇತ್ತು, ಕಣ್ಣಲ್ಲಿ ಇರಲಿಲ್ಲ.

"ಟೇಪು ನೋಡಿದೆ," ಎಂದಳು. "ತಪ್ಪಾಯ್ತು ರೀ... ನನ್ನ ಕ್ಷಮಿಸಿ."

ಅವನು ಅವಳನ್ನೇ ದಿಟ್ಟಿಸಿದ. ಸಿಟ್ಟು ಮೆಲ್ಲಗೆ ಇಳಿಯಿತು. "ನೀವೂ ಸೈನ್ ಮಾಡಿದೀರಾ?"

"ಹ್ಞೂಂ."

"ನಾನೂವೆ. ಇಂಗೆ ಅಂಗಡಿ ಮುಂದೆ ಕೂರೋದೂ ಅದ್ರಲ್ಲೇ ಬರ್ದವ್ರೆ. ನಾಳಿದ್ದು ಕನ್ಯಾಕುಮಾರಿಗೆ ಹೊರಡ್ಬೇಕು, ಅದೇ ಟೈರಲ್ಲಿ."

"ಹೋಗಬೇಡಿ!"

"ನಿಂತ್ರೆ ಬೈಕು ವಾಪಸ್ಸು, ಖರ್ಚು ಮಾಡಿದ್ದೂ ವಾಪಸ್ಸು. ವಸಂತಂಗೂ ಸಂಬಳ ಇಲ್ಲ. ಬೈಕಲ್ಲಿ ಊರೂರು ಸುತ್ಬೇಕು ಅನ್ನೋದು ಒಂದೇ ಆಸೆ ಇತ್ತು ಮೇಡಂ. ಈಗ ನೋಡಿ... ಹ್ಯಾಂಡಲ್ ನನ್ ಕೈಲದೆ, ದಾರಿ ಅವರ ಕೈಲದೆ."

ಹಿಮಾಲಯ ಹತ್ತಿದವನು ಅಲ್ಲಿ ಗೂಟಕ್ಕೆ ಕಟ್ಟಿದಂತೆ ಕೂತಿದ್ದ.

ಪಯಣ ಮತ್ತೆ ಶುರುವಾಯಿತು. ವಿವರಣೆ ಬರೆಯಲು ವಿಷಯ ಬೇಕೆಂದು ಅವನು ದಿನಾ ಸಂಜೆ ಸ್ಟುಡಿಯೋಗೆ ಫೋನ್ ಮಾಡುತ್ತಿದ್ದ. ಮೊದಮೊದಲು ಊರು, ದೂರ, ಮಳೆ. ಆಮೇಲೆ ಆಮೇಲೆ...

"ಊಟ ಆಯ್ತಾ?"

"ಆಯ್ತು. ನಿಮ್ದು?"

"ಇನ್ನೂ ಇಲ್ಲ. ನಿಮ್ ದನಿ ಕೇಳ್ಕಂಡು ಉಣ್ಣಾನ ಅಂತ."

ಅವಳು ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡು ಸುಮ್ಮನೆ ನಗುತ್ತಿದ್ದಳು. ಆ ಹತ್ತು ನಿಮಿಷ ಮಾತ್ರ ಅವಳ ದನಿ ಅವಳದಾಗಿರುತ್ತಿತ್ತು. 'ಟೈರು ಮುಟ್ಟಿ ನೋಡಿದ್ರಾ?' ಎಂದು ಕೇಳದೆ ಒಂದು ದಿನವೂ ಫೋನ್ ಇಟ್ಟವಳಲ್ಲ.

ಹನ್ನೆರಡನೇ ಕಂತು ಬಂದ ಮೇಲೆ ಎಲ್ಲ ಕೆಟ್ಟಿತು.

ಪರದೆಯ ಮೇಲೆ ದೇವರಾಜು ಬೈಕು ಓಡಿಸುತ್ತಿದ್ದ. ಹಿಂದಿನಿಂದ ಮೈತ್ರೇಯಿಯ ದನಿ: "ದೇವರಾಜುವಿನ ಭಯ ಕಳೆದದ್ದು ಯಾವುದು? ವಜ್ರಧಾರಾ!"

ಅವಳು ಹೌಹಾರಿದಳು. ಮೂರು ತಿಂಗಳ ಹಿಂದೆ, ಅವನ ಮುಖವನ್ನೇ ನೋಡಿರದ ಕಾಲದಲ್ಲಿ, ಜಾಹೀರಾತಿಗೆಂದು ಓದಿಕೊಟ್ಟ ಸಾಲು! ಜಯಂತ್ ಅದನ್ನು ಈಗ ತಂದು ಅಂಟಿಸಿದ್ದ.

ಅಂದು ಸಂಜೆ ಫೋನ್ ಬರಲಿಲ್ಲ. ಮರುದಿನವೂ ಇಲ್ಲ. ಅವಳೇ ಮಾಡಿದರೆ ವಸಂತ ಎತ್ತಿಕೊಂಡ.

"ಟಿ.ವಿ.ಲಿ ನೀವು ಅಂದಿದ್ದನ್ನ ಅವ್ನ ಅಕ್ಕನ ಮಗಳು ಫೋನ್ ಮಾಡಿ ಹೇಳಿದ್ಲು ಮೇಡಂ. 'ಅರಕಲಗೂಡಿಗೆ ಬಂದು ಕ್ಷಮೆ ಕೇಳಿದ್ದೂ ಆಕ್ಟಿಂಗೇ ಇರ್ಬೇಕು' ಅಂದ. ಆಮೇಲೆ ಮಾತೇ ಆಡಿಲ್ಲ."

"ಅದು ಹಳೇದು ವಸಂತ... ಅವರಿಗೆ ಹೇಳಿ, ಪ್ಲೀಸ್..."

ಲೈನ್ ಕಟ್ ಆಯಿತು.

ಏಳು ದಿನ! ಮೈಕು, ಗಾಜು, ಮುಚ್ಚಿದ ಬಾಗಿಲು. ಯಾರೋ ಬರೆದದ್ದನ್ನು ಓದುತ್ತಾ ಅವಳು ಒಳಗೊಳಗೇ ಬೇಯುತ್ತಿದ್ದಳು.

ಹದಿಮೂರನೇ ಕಂತು ನೇರ ಪ್ರಸಾರ. ಹಾಸನದ ಕಲ್ಯಾಣ ಮಂಟಪವೊಂದರಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸನ್ಮಾನ. ನಿರೂಪಣೆ ಮೈತ್ರೇಯಿಯದು. ಮುಂದಿನ ಸಾಲಿನಲ್ಲಿ ಟೈರ್ ಕಂಪನಿಯ ಮ್ಯಾನೇಜರ್, ಎರಡು ಕುರ್ಚಿ ಆಚೆ ಸೆರಗು ಬಿಗಿಹಿಡಿದ ಸುಬ್ಬಮ್ಮ. ದೇವರಾಜು ವೇದಿಕೆ ಹತ್ತಿದ. ಅವಳತ್ತ ತಿರುಗಿಯೂ ನೋಡಲಿಲ್ಲ.

ಅವಳ ಕೈಯಲ್ಲಿ ಚೀಟಿ ಇತ್ತು. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ.

"ಹಿಮಾಲಯದಲ್ಲಿ ನಿಮ್ಮ ಕೈ ಹಿಡಿದದ್ದು..." ಓದುತ್ತಾ ನಿಂತುಬಿಟ್ಟಳು. ಚೀಟಿಯನ್ನು ಮಡಚಿದಳು. "ಮನಾಲಿ ಹತ್ತಿರ ನಿಜವಾಗಿ ಏನಾಯ್ತು ದೇವರಾಜು ಅವರೇ?"

ಅವನು ತಲೆ ಎತ್ತಿದ. ವೇದಿಕೆಯ ಪಕ್ಕದಲ್ಲಿ ಜಯಂತ್ ಕೈ ಸನ್ನೆ ಮಾಡುತ್ತಿದ್ದ. ಅವಳ ಕೈಯಲ್ಲಿ ಮಡಚಿದ ಚೀಟಿಯನ್ನು ದೇವರಾಜು ನೋಡಿದ. ಅವಳು ಏನನ್ನು ಕಳೆದುಕೊಳ್ಳಲು ಹೊರಟಿದ್ದಾಳೆಂದು ಅವನಿಗೆ ಆಗ ಹೊಳೆಯಿತು.

"ಏನಿಲ್ಲ ಮೇಡಂ," ಎಂದ ತಡವರಿಸುತ್ತಾ. "ವಜ್ರಧಾರಾ ಟೈರೇ ನನ್ ಕೈ ಇಡೀತು..."

'ನನ್ನ ಉಳಿಸೋಕೆ ಸುಳ್ಳು ಹೇಳ್ತಿದಾನೆ!'

"ಇಲ್ಲ!" ಅವಳ ದನಿ ಮಂಟಪ ತುಂಬಿತು. "ಟೈರು ಸೀಳಿತ್ತು. ಇವರ ಹೆಗಲ ಮೂಳೆ ಬಿರುಕುಬಿಟ್ಟಿತ್ತು. ಆ ಟೇಪು ನಾನು ಕಣ್ಣಾರೆ ನೋಡಿದೀನಿ. ಇವರು ಹೆದರಿ ಕೂರಲಿಲ್ಲ. ಹಾಗಂತ ಓದಿದವಳು ನಾನೇ, ಅದು ಸುಳ್ಳು. ಸುಬ್ಬಮ್ಮನೋರೇ, ನನ್ನ ಕ್ಷಮಿಸಿಬಿಡಿ..."

ಮೈಕು ಸತ್ತುಹೋಯಿತು. ಯಾರೋ ವೈರು ಕಿತ್ತಿದ್ದರು. ಆದರೆ ಜಿಲ್ಲೆಗೆಲ್ಲ ಕೇಳಬೇಕಾದದ್ದು ಆಗಲೇ ಕೇಳಿಸಿತ್ತು.

ಸುಬ್ಬಮ್ಮ ಎದ್ದುನಿಂತು ಕಣ್ಣೊರೆಸಿಕೊಂಡರು. "ನನ್ ಮಗ ಎಂತೋನು ಅಂತ ನಂಗೊತ್ತಿಲ್ವಾ? ಬುಡವ್ವ, ಅಳ್ಬ್ಯಾಡ."

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಮ್ಯಾನೇಜರ್ ಬೈಕಿನ ಕೀ ಕಿತ್ತುಕೊಂಡ, ಜಾಕೆಟ್ಟನ್ನೂ ಬಿಚ್ಚಿಸಿಕೊಂಡ. ಜಯಂತ್ ಅವಳಿಗೆ, "ನಾಳೆಯಿಂದ ಬರಬೇಡ. ಮೇಷ್ಟ್ರಿಗೆ ನೀನೇ ಹೇಳ್ಕೋ," ಎಂದಷ್ಟೇ ಹೇಳಿದ.

ಬಸ್ ಸ್ಟ್ಯಾಂಡಿನಲ್ಲಿ ಹೊಳೆನರಸೀಪುರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ಕೆಲಸ ಹೋಗಿತ್ತು. ಮನೆಯಲ್ಲಿ ಅಪ್ಪನಿಗೆ ಏನು ಹೇಳುವುದೋ ಗೊತ್ತಿರಲಿಲ್ಲ. ಆದರೆ ಎಷ್ಟೋ ತಿಂಗಳ ಮೇಲೆ ಎದೆತುಂಬ ಉಸಿರಾಡಿದಳು.

ಬಸ್ಸು ಹೊರಡುವಾಗ ಯಾರೋ ಓಡಿಬಂದು ಹತ್ತಿದರು. ಬೆವರಿಗೆ ಒದ್ದೆಯಾದ ಬರೀ ಬಿಳಿ ಷರ್ಟು. ದೇವರಾಜು!

"ಇದು ನಿಮ್ಮೂರ ಕಡೆಗೆ, ಚನ್ನರಾಯಪಟ್ಟಣಕ್ಕೆ ಹೋಗಲ್ಲ," ಎಂದಳು ಗಾಬರಿಯಿಂದ.

"ಗೊತ್ತು." ಪಕ್ಕದಲ್ಲಿ ಕೂತ. "ಅವ್ವನ್ನ ವಸಂತನ ಜೊತೆ ಕಳಿಸ್ದೆ. ಆ ಸಾಲು ಹಳೇದು ಅಂತ ವಸಂತ ಹೇಳ್ದಾಗ ನಾನೇ ನಂಬ್ಲಿಲ್ಲ. ತಪ್ಪು ನಂದೇ ಕಣ್ರೀ."

"ಬೈಕು ಹೋಯ್ತಲ್ಲ ದೇವರಾಜು... ಅವರು ಖರ್ಚೆಲ್ಲ ಕೇಳಿದ್ರೆ?"

"ಕೇಳ್ಲಿ. ಸೀಳಿದ್ ಟೈರು ನಮ್ಮನೆ ಅಟ್ಟದ ಮೇಲದೆ, ತೋರಿಸ್ತೀನಿ. ಬೈಕು ಇನ್ನೊಂದು ಸಿಕ್ತದೆ. ನೀವು ಸಿಕ್ತೀರಾ?"

ಅವಳ ಕಣ್ಣು ತುಂಬಿತು. "ನಮ್ಮಪ್ಪ ಒಪ್ಪದಿದ್ರೆ? ಜಾತಿ, ಊರು, ಎಲ್ಲ ಬೇರೆ..."

"ಅದುಕ್ಕೇ ಬತ್ತಾ ಇರೋದು. ಬೈದ್ರೆ ಕೂತ್ಕಂಡು ಬೈಸ್ಕತೀನಿ. ಒಪ್ನಿಲ್ಲ ಅಂದ್ರೆ ನಾಳೆ ಮತ್ತೆ ಬತ್ತೀನಿ, ನಾಳಿದ್ದೂ ಬತ್ತೀನಿ."

"ದಿನಾ ಬರೋಕೆ ಯಾರು ದುಡ್ಡು ಕೊಡ್ತಾರೆ?"

"ಇದುಕ್ಕೆ ನಾನೇ ಸ್ಪಾನ್ಸರ್ರು!"

ಅಳುತ್ತಲೇ ಅವಳಿಗೆ ನಗು ಬಂತು. ಕಂಡಕ್ಟರ್ ಹತ್ತಿರ ಬಂದು ನಿಂತ. ದೇವರಾಜು ಜೇಬಿಗೆ ಕೈ ಹಾಕುವ ಮೊದಲೇ ಮೈತ್ರೇಯಿ ಅವನ ಕೈಯ ಮೇಲೆ ತನ್ನ ಕೈ ಇಟ್ಟು, "ಎರಡು ಹೊಳೆನರಸೀಪುರ ಕೊಡಿ," ಎಂದಳು.