ಹೊಲದಲ್ಲಿ ಸಿಕ್ಕ ಬಾಗಿಲು

ನಾನು ಬಡಗಿ. ದೆವ್ವ ಭೂತ ಅಂದರೆ ತಮಾಷೆ ಮಾಡುವವನು. ಆದರೂ ನಮ್ಮಕ್ಕನ ಮನೆಯಲ್ಲಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಆ ವರ್ಷದ ಸುಂಟರಗಾಳಿ ಅರ್ಧ ಊರಿನ ಜೊತೆ ಅಕ್ಕನ ಮನೆಯನ್ನೂ ಕಿತ್ತುಕೊಂಡು ಹೋಯಿತು. ಅಕ್ಕ, ಭಾವ ರಸ್ತೆಯ ಮೋರಿಯೊಳಗೆ ನುಸುಳಿ ಬದುಕಿಕೊಂಡರು. ಮತ್ತೆ ಗೋಡೆ ಎಬ್ಬಿಸುವಾಗ, ಗಾಳಿ ಎಲ್ಲಿಂದಲೋ ತಂದು ಹೊಲದಲ್ಲಿ ಮಲಗಿಸಿದ್ದ ನೀಲಿ ಬಾಗಿಲೊಂದು ಕಣ್ಣಿಗೆ ಬಿತ್ತು. ಒಂದು ಗೀರೂ ಇರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲೆಲ್ಲ ವಿಚಾರಿಸಿದೆವು. ಯಾರೂ ನಮ್ಮದು ಅನ್ನಲಿಲ್ಲ. ನಾನೇ ಅದನ್ನು ಒಳಕೋಣೆಗೆ ಕೂರಿಸಿದೆ.

ಅವತ್ತು ಮಟಮಟ ಮಧ್ಯಾಹ್ನ, ಹೊರಗೆ ಒಂದೆಲೆಯೂ ಅಲುಗುತ್ತಿರಲಿಲ್ಲ. ಬಾಗಿಲ ಹಲಗೆ ಮಾತ್ರ ನೆನೆದ ಹಾಗೆ ತಣ್ಣಗಿತ್ತು. ಕಿವಿಯಿಟ್ಟರೆ ಆಚೆ, ಬಹಳ ದೂರದಲ್ಲಿ, ಗಾಳಿ ಮೊರೆಯುತ್ತಿತ್ತು. ಆ ಕೋಣೆಗೆ ನಾವಿನ್ನೂ ಸೂರೇ ಹಾಕಿರಲಿಲ್ಲ. ಆಮೇಲೆ ಒಬ್ಬ ಹೆಂಗಸು ನಿದ್ದೆ ಮಂಪರಿನ ದನಿಯಲ್ಲಿ ಕೇಳಿದಳು: "ಗಾಳಿ ನಿಂತಿತಾ?"

ಹಿಂದೆ ನಿಂತಿದ್ದ ಅಕ್ಕ, ಪಕ್ಕದ ಮನೆಯವಳಿಗೆ ಹೇಳುವ ಹಾಗೆ, "ನಿಂತಿದೆ ಕಣವ್ವಾ, ಹೆದರಬೇಡ. ಇಲ್ಲೇ ಇದ್ದುಬಿಡು" ಅಂದಳು.

ಮೊರೆತ ಅಡಗಿತು. ಬಾಗಿಲು ತೆರೆದೆ. ಖಾಲಿ ಕೋಣೆ, ತುಂಬ ಬಿಸಿಲು.

"ಯಾರಕ್ಕಾ ಅದು?"

"ಯಾರಾದರೇನೋ, ಪಾಪ."

ಈಗ ಮನೆ ಪೂರ್ತಿಯಾಗಿದೆ. ಅಕ್ಕ, ಭಾವ ಇಬ್ಬರೂ ಜಗುಲಿಯಲ್ಲೇ ಮಲಗುತ್ತಾರೆ. ಮೊನ್ನೆ ಹೋಗಿದ್ದಾಗ ಯಾವುದೋ ಮಾತಿಗೆ ಜೋರಾಗಿ ನಕ್ಕೆ. ಭಾವ ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ ಕಣಯ್ಯಾ, ಮಗು ಈಗಷ್ಟೇ ಮಲಗಿದೆ" ಅಂದರು.

ಆ ಮನೆಯಲ್ಲಿ ಮಕ್ಕಳಿಲ್ಲ.