ಎರಡನೇ ಚಾವಿ

2025ರ ಜೂನ್ 13, ಶುಕ್ರವಾರ, ಮಧ್ಯಾಹ್ನ 3.10. ಸಿಂಧನೂರಿನ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಬಸ್ಸಪ್ಪ ಊಟದ ಡಬ್ಬಿ ತೊಳೆದುಕೊಂಡು ಒಳಗೆ ಬರುವಷ್ಟರಲ್ಲಿ ಸಾವುಕಾರ ಅಮರಗುಂಡಪ್ಪ ಬೆಂಚಿನ ಮೇಲೆ ಕೂತಿದ್ದ. ದಢೇಸುಗೂರಿನ ಕಡೆ ಕಾಲುವೆ ಕೆಳಗೆ ಮೂವತ್ತು ಎಕರೆ ಗದ್ದೆ, ಊರಲ್ಲಿ ಗೊಬ್ಬರದ ಅಂಗಡಿ ಇರುವ ಮನುಷ್ಯ. ಅಂಥವರು ಠಾಣೆಗೆ ಬಂದರೆ ನಿಂತಲ್ಲೇ ಎರಡು ಮಾತಾಡಿ ಹೋಗುವುದು ರೂಢಿ. ಇವತ್ತು ಕೂತುಬಿಟ್ಟಿದ್ದ.

"ಈಗ ಮಧ್ಯಾಹ್ನ ನನ್ನ ಜೆಸಿಬಿ ಕಳುವಾಗೈತಿ ಬಸ್ಸಪ್ಪಾ."

ಬಸ್ಸಪ್ಪನಿಗೆ ನಗು ಬಂತು, ತಡೆದುಕೊಂಡ. ಇಪ್ಪತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಎಮ್ಮೆ ಕಳುವಾದದ್ದು ಬರೆದಿದ್ದ, ಬೈಕು, ಪಂಪ್‌ಸೆಟ್ಟು, ಒಮ್ಮೆ ಕಣದಲ್ಲಿದ್ದ ಭತ್ತದ ರಾಶಿಯನ್ನೂ ಬರೆದಿದ್ದ. ಆನೆಯಷ್ಟು ದೊಡ್ಡ ಹಳದಿ ಯಂತ್ರವನ್ನು ಹಾಡುಹಗಲೇ ಯಾರೋ ಓಡಿಸಿಕೊಂಡು ಹೋದರೆಂದರೆ ಪೇಟೆಯ ಜನ ಕಣ್ಣು ಎಲ್ಲಿಟ್ಟುಕೊಂಡಿದ್ದರು?

ಪಿಎಸ್ಐ ಮಮತಾ ದೂರು ಕೇಳಿಕೊಂಡರು. ಏಳು ತಿಂಗಳ ಹಿಂದೆ ಲಿಂಗಸುಗೂರಿನಲ್ಲಿ ಕೊಂಡ ಹಳೆಯ ಗಾಡಿ. ಕುಷ್ಟಗಿ ರಸ್ತೆಯ ಲಾಲ್‌ಸಾಬ್‌ನ ಗ್ಯಾರೇಜಿನಲ್ಲಿ ರಿಪೇರಿ ನಡೆದಿತ್ತು. ನಿನ್ನೆಗೆ ಎಲ್ಲಾ ಮುಗಿದು ಬಣ್ಣವೂ ಆಗಿತ್ತು.

"ಚಾವಿ ಎಷ್ಟದಾವ?"

"ಎರಡ್ರಿ ಮೇಡಂ. ಒಂದು ನನ್ನ ಹತ್ರ. ಇನ್ನೊಂದು ಮಾರಿದಾವನ ಹತ್ರಾನ ಉಳದೈತಿ. ಅವನ ಮ್ಯಾಲೇನ ನನಗ ಗುಮಾನಿ."

ಗುನ್ನೆ ನಂ. 118/2025, ಬಿಎನ್‌ಎಸ್ ಕಲಂ 303(2) ಎಂದು ಎಫ್ಐಆರ್ ದಾಖಲಾಯಿತು.

4.05ಕ್ಕೆ ಸ್ಥಳ ಪಂಚನಾಮೆ. ಪಕ್ಕದ ಚಹಾದಂಗಡಿಯವನೂ ಟೈರಿನ ಅಂಗಡಿಯವನೂ ಪಂಚರು. ಶುಕ್ರವಾರದ ನಮಾಜಿಗೆಂದು ಲಾಲ್‌ಸಾಬ್ ಒಂದು ಗಂಟೆಗೆ ಗ್ಯಾರೇಜಿನ ಬಾಗಿಲಿಗೆ ಸರಪಳಿ ಎಳೆದು ಹೋಗಿದ್ದ. ಎರಡರ ಸುಮಾರಿಗೆ ಬಂದು ನೋಡಿದರೆ ಸರಪಳಿ ಬಿಚ್ಚಿತ್ತು, ಜೆಸಿಬಿ ಇರಲಿಲ್ಲ.

ಎಣ್ಣೆ ಕುಡಿದು ಕಪ್ಪಾಗಿದ್ದ ನೆಲದ ಮೇಲೆ ಬಸ್ಸಪ್ಪ ಬಗ್ಗಿ ನೋಡಿದ. ಗಾಲಿಗಳಿದ್ದ ನಾಲ್ಕೂ ಕಡೆ ಒಂದೊಂದು ನಿಂಬೆಹಣ್ಣು ಅಪ್ಪಚ್ಚಿಯಾಗಿ ಬಿದ್ದಿತ್ತು. ಬೀಜ ಇನ್ನೂ ಹಸಿ ಇದ್ದವು.

"ಪೂಜಿ ಆಗಿತ್ತೇನ್ರಿ?" ಮಮತಾ ಕೇಳಿದರು.

"ಇಲ್ರಿ, ಸೋಮವಾರ ಇಟ್ಟೀವಿ," ಅಂದ ಅಮರಗುಂಡಪ್ಪ.

ಪಂಚನಾಮೆಯಲ್ಲಿ 'ಜಜ್ಜಿದ ನಿಂಬೆಹಣ್ಣು, ನಾಲ್ಕು' ಎಂದು ಬರೆಯುತ್ತಾ ಬಸ್ಸಪ್ಪ ಯೋಚಿಸಿದ. ಕದಿಯಲು ಬಂದವನಿಗೆ ಕಾಲಲ್ಲಿ ಕೆಂಡ ಕಟ್ಟಿದಷ್ಟು ಅವಸರ ಇರುತ್ತದೆ. ಅವನು ಒಂದು ಗಾಲಿಗಾದರೂ ನಿಂಬೆಹಣ್ಣು ಇಟ್ಟಾನೆಯೇ? ಇವನು ನಾಲ್ಕಕ್ಕೂ ಇಟ್ಟಿದ್ದ.

"ರಿಪೇರಿ ಮಾಡಿದಾವ್ರು ಯಾರು?" ಬಸ್ಸಪ್ಪ ಕೇಳಿದ.

ಲಾಲ್‌ಸಾಬ್ ಸಾವುಕಾರನ ಮುಖ ನೋಡಿದ. "ಜಾಗಾ ನಂದ್ರಿ. ಕೆಲಸ ಎಲ್ಲಾ ಮಾಳಿಂಗರಾಯಂದು. ಮಸ್ಕಿಯಾವ."

"ಪಗಾರದ ಆಪರೇಟರ್ರಿ," ಅಮರಗುಂಡಪ್ಪ ನಡುವೆ ಬಾಯಿ ಹಾಕಿದ. "ಗ್ಯಾರೇಜಿನ್ಯಾಗ ಪರಿಚಯ ಆದಾವ. ಅವನ ಕೆಲಸ ಮುಗೀತು, ಹೋದ. ನೀವು ಲಿಂಗಸುಗೂರಿಗೆ ಹೋಗ್ರಿ."

ಇಷ್ಟು ತವಕದಿಂದ ದಾರಿ ತೋರಿಸುವ ದೂರುದಾರರನ್ನು ಬಸ್ಸಪ್ಪ ಬಹಳ ನೋಡಿದ್ದ. ಲಾಲ್‌ಸಾಬ್ ಸರಪಳಿ ಎತ್ತಿಕೊಂಡು ಒಳಗೆ ಹೋದ.

ಶನಿವಾರ ಬೆಳಿಗ್ಗೆ 8.30ಕ್ಕೆ ಮಸ್ಕಿ ರಸ್ತೆಯ ಪೆಟ್ರೋಲ್ ಬಂಕಿನ ಸಿಸಿಟಿವಿ ನೋಡಿದರು. ಶುಕ್ರವಾರ 1.38ಕ್ಕೆ ಜೆಸಿಬಿ ಹಾದುಹೋಗಿತ್ತು. ಓಡಿಸುವವನ ಮುಖಕ್ಕೆ ಟವೆಲ್ಲು ಸುತ್ತಿತ್ತು. ರಸ್ತೆಯುಬ್ಬು ಬಂದಾಗ ಅವನು ಗಾಡಿಯನ್ನು ಪೂರಾ ನಿಧಾನ ಮಾಡಿ, ಮುಂದಿನ ಬಕೆಟ್ಟನ್ನು ಗೇಣು ಮೇಲೆತ್ತಿ, ಬಸುರಿ ಹೆಂಗಸನ್ನು ಕರೆದೊಯ್ಯುವ ಹಾಗೆ ದಾಟಿಸಿದ. ಬಸ್ಸಪ್ಪ ಅಷ್ಟನ್ನೇ ಎರಡು ಸಲ ಹಾಕಿಸಿ ನೋಡಿದ.

10.50ಕ್ಕೆ ಲಿಂಗಸುಗೂರು. ಗಾಡಿ ಮಾರಿದ ಸಿದ್ದರಾಮೇಶ ಮೊದಲು ಕಲ್ಲುಕ್ವಾರಿ ನಡೆಸುತ್ತಿದ್ದವನು, ಈಗ ಸಿಮೆಂಟಿನ ಅಂಗಡಿ ಇಟ್ಟಿದ್ದ.

"ಎರಡನೇ ಚಾವಿ ಎಲ್ಲೈತಿ?" ಮಮತಾ ಕೇಳಿದರು.

"ಅವತ್ತ ಕೊಟ್ಟೀನ್ರಿ ಮೇಡಂ."

"ಯಾರಿಗೆ?"

"ಇಬ್ರು ಬಂದಿದ್ರು, ಇಬ್ರಿಗೂ ಒಂದೊಂದು."

ಅವನು ಮೊಬೈಲ್ ತೆಗೆದು ಫೋಟೋ ತೋರಿಸಿದ. ತುಕ್ಕು ಹಿಡಿದ ಜೆಸಿಬಿ, ಅದರ ಮುಂದೆ ಒಂದೇ ಹೂವಿನ ಹಾರದಲ್ಲಿ ಕೊರಳು ತೂರಿಸಿಕೊಂಡು ನಿಂತ ಇಬ್ಬರು. ಒಬ್ಬ ಅಮರಗುಂಡಪ್ಪ. ಇನ್ನೊಬ್ಬ ತೆಳ್ಳಗಿನ, ನಲವತ್ತರ ಆಸುಪಾಸಿನ ಮನುಷ್ಯ, ನಗುತ್ತಿದ್ದ. ಇಬ್ಬರ ಕೈಯಲ್ಲೂ ಚಾವಿ ಇತ್ತು.

"ಮಾಳಿಂಗರಾಯ ಅಂತ. ಗಾಡಿ ಕೆಳಗ ಮಲಗಿ ನೋಡಿ, ಇದು ಎದ್ದು ನಿಂದ್ರತೈತಿ ಅಂತ ಹೇಳಿದಾವ ಅವನ. ಇಲ್ಲಂದ್ರ ಸಾವ್ಕಾರ್ರು ಗುಜರಿ ಅಂತ ಬಿಟ್ಟು ಹೊಂಟಿದ್ರು. 'ಬಂಡವಾಳ ನಂದು, ಕೈ ನಿಂದು, ಗಾಡಿ ಇಬ್ರದು' ಅಂತ ಅವ್ರ ಅಂದ್ರು. ಇಬ್ರೂ ಕೂಡಿ ಒಂದ ಕಾಯಿ ಒಡೆದ್ರು."

"ಕಾಗದ?"

"ಸದ್ಯಕ್ಕ ಒಂದ ಹೆಸರಿಗಿರ್ಲಿ, ಆಮ್ಯಾಲೆ ಸೇರಿಸೂಣು ಅಂದ್ರು. ಮಾಳಿಂಗರಾಯ ಹೂಂ ಅಂದ."

ಬಸ್ಸಪ್ಪನಿಗೆ ಸಿಟ್ಟು ನೆತ್ತಿಗೇರಿತು. ಗ್ಯಾರೇಜಿನಲ್ಲಿ ಪರಿಚಯವಾದವನಂತೆ! ಹೊರಗೆ ಬಂದು ಲಾಲ್‌ಸಾಬ್‌ಗೆ ಫೋನ್ ಹಚ್ಚಿ, ರಿಪೇರಿ ಮುಗಿದ ಗುರುವಾರ ಏನಾಯಿತೆಂದು ಕೇಳಿದ. ಲಾಲ್‌ಸಾಬ್ ಹೇಳಿದ.

"ಗಾಡಿ ಮ್ಯಾಲೆ ಇಬ್ರ ಹೆಸ್ರೂ ಬರಸ್ತೀವಿ ಅಂದಿದ್ರು ಸಾವ್ಕಾರ್ರು. ಪೇಂಟರ್ ಬಂದು ಅವ್ರ ಮಗ ಅನಿಲಕುಮಾರಂದಷ್ಟ ಬರದ. ಮಾಳಿಂಗರಾಯ ಕೇಳಿದ. 'ನಿಂದು ಕೆಲಸ, ಕೂಲಿ ಎಷ್ಟಂತ ಹೇಳು. ಇನ್ನೆಂಟು ದಿನ ಇದ್ದು ಅನಿಲಗ ಓಡಸೂದು ಕಲಿಸಿ ಹೋಗು' ಅಂದ್ರು. ಅವ ಎದ್ದ ಸಾಹೇಬ್ರ. ಚಹಾ ಹಂಗ ಬಿಟ್ಟು ಹೋದ."

"ನಿನ್ನೆ ಯಾಕ ಹೇಳಲಿಲ್ಲ?"

"ಸಾವ್ಕಾರ್ರು ಬಾಜೂಕ ನಿಂತಿದ್ರಲ್ರಿ."

ಮಧ್ಯಾಹ್ನ 2.20. ಲಾಲ್‌ಸಾಬ್ ಹೇಳಿದ ಗುರುತಿನಂತೆ ಮಸ್ಕಿಯ ಹಳ್ಳ ದಾಟಿ ಮಣ್ಣಿನ ದಾರಿ ಹಿಡಿದು ಹೋದರೆ ಮಾಳಿಂಗರಾಯನ ಹೊಲ. ದಾರಿಯಲ್ಲಿ ಅವನ ಹೆಂಡತಿ ಹೊನ್ನೂರಮ್ಮ ಎದುರಾದಳು. ತಲೆಯ ಮೇಲೆ ಬುತ್ತಿ ಇತ್ತು.

"ನಿನ್ನೆಯಿಂದ ಒಂದು ತುತ್ತು ಉಂಡಿಲ್ರಿ. ನೀವಾರ ಹೇಳ್ರಿ," ಅಂದಳು. ಪೊಲೀಸರು ಯಾಕೆ ಬಂದರೆಂದು ಅವಳು ಕೇಳಲಿಲ್ಲ.

ಬೇವಿನ ಮರದ ಕೆಳಗೆ ಜೆಸಿಬಿ ನಿಂತಿತ್ತು. ಹಿಂದಿನ ತೋಳು ನೆಲಕ್ಕೆ ಒರಗಿತ್ತು. ಪಕ್ಕದಲ್ಲಿ ತಾಡಪತ್ರಿ ಹಾಸಿ, ಅದರ ಮೇಲೆ ಪಂಪು, ಹೋಸ್ ಪೈಪು, ಪಿನ್ನು, ಬುಷ್ಷುಗಳನ್ನು ಒರೆಸಿ ಸಾಲಾಗಿ ಜೋಡಿಸಿಟ್ಟಿತ್ತು. ಮಾಳಿಂಗರಾಯ ಗಾಡಿಯ ಕೆಳಗಿನಿಂದ ಹೊರಗೆ ಬಂದ. ಓಡುವ ಮನುಷ್ಯನ ಹಾಗೆ ಕಾಣಲಿಲ್ಲ.

"ಬಂದ್ರಿ ಸಾಹೇಬ್ರ? ಇನ್ನೊಂದ ಪಿನ್ನು ಉಳದೈತಿ."

"ಬಿಚ್ಚಿ ಮಾರಾಕ ತಂದೇನು?" ಮಮತಾ ಕೇಳಿದರು.

"ಇಲ್ರಿ ಮೇಡಂ."

"ಮತ್ತೇನು ಮಾಡಾಕತ್ತಿ?"

ಅವನು ಗೋಣಿಚೀಲ ಒಂದನ್ನು ತೋರಿಸಿದ. ಅದರ ತಳದಲ್ಲಿ ಸವೆದುಹೋದ ಒಂದು ಪಿನ್ನು ಉಳಿದಿತ್ತು. "ಹಳೇ ಸಾಮಾನು ಎಲ್ಲಾ ಇಟಗೊಂಡಿದ್ದೆ. ಅವನ್ನ ತಿರುಗಿ ಹಾಕೀನಿ. ಲಿಂಗಸುಗೂರಿನಿಂದ ತಂದಾಗ ಹೆಂಗಿತ್ತೋ ಹಂಗ ಐತಿ ನೋಡ್ರಿ ಈಗ. ಹೊಸಾ ಸಾಮಾನು ಸಾವ್ಕಾರ್ರದು, ಒಂದೂ ಕಮ್ಮಿ ಇಲ್ಲ, ಎಣಿಸಿಕೊಳ್ರಿ. ಕೆಲಸ ನಂದು. ಅದನ್ನಷ್ಟ ವಾಪಸ್ ತಗೊಂಡೀನಿ."

ಹೊಚ್ಚ ಹೊಸ ಹಳದಿ ಬಣ್ಣದ ಮೇಲೆ 'ಅನಿಲಕುಮಾರ' ಎಂಬ ಕೆಂಪು ಅಕ್ಷರಗಳು ಹಾಗೇ ಇದ್ದವು. ಬಸ್ಸಪ್ಪ ಅದನ್ನೇ ನೋಡುವುದು ಕಂಡು ಮಾಳಿಂಗರಾಯ ಹೇಳಿದ, "ಬಣ್ಣ ನಾ ಹಚ್ಚಿದ್ದಲ್ರಿ. ಮುಟ್ಟಿಲ್ಲ."

ಜಪ್ತಿ ಪಂಚನಾಮೆ ಶುರುವಾಯಿತು. ಮೂರನೇ ಸಾಮಾನಿಗೇ ಬಸ್ಸಪ್ಪನ ಪೆನ್ನು ನಿಂತಿತು, ಯಾವುದಕ್ಕೆ ಏನೆನ್ನುತ್ತಾರೋ ಅವನಿಗೆ ಗೊತ್ತಿಲ್ಲ, ಮಸ್ಕಿಯಿಂದ ಕರೆತಂದ ಪಂಚರಿಗೂ ಗೊತ್ತಿಲ್ಲ. ಕೊನೆಗೆ ಆರೋಪಿಯೇ ಒಂದೊಂದನ್ನೂ ಎತ್ತಿ ಹೆಸರು ಹೇಳಿದ, ಬಸ್ಸಪ್ಪ ಬರೆದುಕೊಂಡ. ಒಟ್ಟು ನಲವತ್ಮೂರು ಆಯಿತು. ತನ್ನ ಮೇಲಿನ ಕೇಸಿಗೆ ತಾನೇ ಇಷ್ಟು ಅಚ್ಚುಕಟ್ಟಾಗಿ ಪಟ್ಟಿ ಕೊಟ್ಟವನನ್ನು ಬಸ್ಸಪ್ಪ ಈ ಸರ್ವಿಸಿನಲ್ಲಿ ಕಂಡಿರಲಿಲ್ಲ.

ನಾಲ್ಕಕ್ಕೆ ಅಮರಗುಂಡಪ್ಪ ಮಗನ ಜೊತೆ ಕಾರಿನಲ್ಲಿ ಬಂದ. ಅನಿಲಕುಮಾರ ಹತ್ತಿ ಅಪ್ಪನ ಚಾವಿಯಿಂದ ಗಾಡಿ ಚಾಲೂ ಮಾಡಿದ. ಎಂಜಿನ್ನು ಗುಡುಗಿತು, ಆದರೆ ಮುಂದಿನ ಬಕೆಟ್ಟು ನೆಲ ಬಿಟ್ಟು ಏಳಲಿಲ್ಲ. ಹಳೇ ಹೋಸುಗಳಿಂದ ಎಣ್ಣೆ ತೊಟ್ಟಿಕ್ಕತೊಡಗಿತು.

"ಮಾಳಿಂಗಾ," ಅಂದ ಅಮರಗುಂಡಪ್ಪ, ಮನೆಯವನನ್ನು ಕರೆಯುವ ದನಿಯಲ್ಲಿ. "ಸೋಮವಾರ ಪೂಜಿ ಐತಲ್ಲೋ. ಕೂಡಿಸಿ ಕೊಡಪಾ. ಕೇಸು ಗೀಸು ನಾ ನೋಡಕೋತೀನಿ. ಪಾಲು ಬೇಕಂದ್ರ ಆಮ್ಯಾಲೆ ಕುಂತು ಮಾತಾಡೂಣು."

"ಅವತ್ತೂ ಆಮ್ಯಾಲೆ ಅಂದಿದ್ರಿ ಸಾವ್ಕಾರ್ರ," ಅಂದ ಮಾಳಿಂಗರಾಯ. ಆಮೇಲೆ ಕೈ ಒರೆಸಿಕೊಂಡು ಜೀಪಿನ ಕಡೆ ನಡೆದ.

ನಲವತ್ಮೂರು ಸಾಮಾನೂ ತನ್ನವೇ, ಯಾವುದೂ ಕಾಣೆಯಾಗಿಲ್ಲವೆಂದು ಅಮರಗುಂಡಪ್ಪ ಗುರುತಿಸಿ ಸಹಿ ಹಾಕಬೇಕಾಯಿತು. "ಎಲ್ಲಾ ಸರಿ ಐತಲ್ರಿ?" ಎಂದು ಮಮತಾ ಕೇಳಿದರು. ಅವನು ತಲೆಯಾಡಿಸಿದ. ಆ ಸಹಿ ನೋಡಿ ಬಸ್ಸಪ್ಪನಿಗೆ ಒಳಗೊಳಗೆ ಹಾಲು ಕುಡಿದಷ್ಟು ಸಮಾಧಾನವಾಯಿತು. ಆದರೆ ಕಾಗದ ಒಂದೇ ಹೆಸರಿಗೆ ಇತ್ತು, ಕಾನೂನು ನೋಡುವುದು ಅದನ್ನೇ. 4.40ಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಿದರು.

ದಾರಿಯಲ್ಲಿ ಬಸ್ಸಪ್ಪ ಕೇಳದೆ ಇರಲಾಗಲಿಲ್ಲ. "ಅಲ್ಲಪಾ, ನಿಂಬಿಹಣ್ಣು ಯಾಕ ಇಟ್ಟಿ? ಅವು ಇಲ್ಲದಿದ್ರ ನಾವು ಇನ್ನೂ ನಾಕ್ ದಿನ ತಿರಗತಿದ್ವಿ."

"ಏಳು ತಿಂಗಳಾದ ಮ್ಯಾಲೆ ಮೊದಲ್ನೇ ಸಲ ರಸ್ತೆಕ್ಕ ಹೊಂಟಿತ್ರಿ ಸಾಹೇಬ್ರ," ಅಂದ ಮಾಳಿಂಗರಾಯ. "ಹಂಗ ಬರೇ ತಗೊಂಡು ಹೋಗಾಕ ಮನಸಾಗಲಿಲ್ಲ. ಬಿಚ್ಚತೀನಿ ಅಂತ ಆಗಿನ್ನೂ ನನಗೂ ಗೊತ್ತಿರಲಿಲ್ರಿ."

ಸಂಜೆ 6.15ಕ್ಕೆ ಠಾಣೆ ತಲುಪಿದರು. ಕೃತ್ಯಕ್ಕೆ ಕಾರಣ ಎಂಬಲ್ಲಿ ಬಸ್ಸಪ್ಪ 'ಪಾಲುದಾರನೆಂದು ನಂಬಿಸಿ, ಕೆಲಸ ಮುಗಿದ ಮೇಲೆ ಕೂಲಿಯವನೆಂದು ಕೈಬಿಟ್ಟಿದ್ದು' ಎಂದು ಬರೆದ. ಮಮತಾ ಓದಿದರು, ತಿದ್ದಲಿಲ್ಲ. ಲಿಂಗಸುಗೂರಿನ ಫೋಟೋದ ಪ್ರತಿಯನ್ನೂ ಕಡತಕ್ಕೆ ಸೇರಿಸಲು ಹೇಳಿದರು.

ಅಂಗಶೋಧನೆಯೊಂದು ಉಳಿದಿತ್ತು. ಮಾಳಿಂಗರಾಯನ ಜೇಬಿನಲ್ಲಿ ಏನೂ ಸಿಗಲಿಲ್ಲ.

"ಚಾವಿ ಎಲ್ಲೈತಿ?"

ಅವನು ಅಂಗಿ ಎತ್ತಿದ. ಉಡದಾರಕ್ಕೆ ಕಟ್ಟಿಕೊಂಡಿದ್ದ. ಏಳು ತಿಂಗಳು ಅಲ್ಲೇ ಇದ್ದು ಚಾವಿಯ ತುಕ್ಕು ಹೊಟ್ಟೆಯ ಮೇಲೆ ಕಲೆಯಾಗಿ ಕೂತಿತ್ತು. ಕೊಯ್ಯಲೆಂದು ಬಸ್ಸಪ್ಪ ಬ್ಲೇಡು ತಂದ. ಬ್ಯಾಡ್ರಿ, ನಾನ ಬಿಚ್ಚತೀನಿ ಅಂದ ಮಾಳಿಂಗರಾಯ. ಗಂಟು ಬಹಳ ಬಿಗಿದಿತ್ತು. ನಲವತ್ಮೂರು ಸಾಮಾನು ಬಿಚ್ಚಿದ ಆ ಕೈಗಳಿಗೆ ಅದೊಂದು ಬೇಗ ಬಗ್ಗಲಿಲ್ಲ. ಬಸ್ಸಪ್ಪ ಬ್ಲೇಡನ್ನು ಮೇಜಿನ ಮೇಲಿಟ್ಟು, ಅವನು ಬಿಚ್ಚುವ ತನಕ ಕಾದ.