ಮಾಳಮ್ಮನಿಗೆ ಅಣ್ಣನಾಗಲಾರದವನು

"ಏಯ್, ನಿಲ್ಲು! ಕಾಲಿಡಬ್ಯಾಡ!"

ಮಾಳಮ್ಮ ಕೂಗುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಈ ಗೂಟದಿಂದ ಆ ಗೂಟಕ್ಕೆ ಎಳೆದು ಕಟ್ಟಿದ್ದ ಕಂಬಳಿಯ ಹಾಸುನೂಲಿಗೆ ಕಾಲು ಸಿಕ್ಕಿಸಿಕೊಂಡು ಹೊಸಬನೊಬ್ಬ ಮುಗ್ಗರಿಸಿದ್ದ. ಹುಣಸೆ ಬೀಜದ ಗಂಜಿ ಹಚ್ಚಿ ಇನ್ನೂ ಒಣಗದ ಉಣ್ಣೆಯ ಎಳೆಗಳು ಪಟಪಟನೆ ಕಡಿದವು.

ಅವಳಿಗೆ ಅಳುವೇ ಬಂತು. ಎರಡು ವಾರದ ನೂಲು!

ಹೊಸಬ ಕ್ಷಮೆ ಕೇಳಲಿಲ್ಲ. ಹೆಗಲ ಗಂಟು ಕೆಳಗಿಟ್ಟು ಮಣ್ಣಲ್ಲೇ ಕೂತು ಒಂದೊಂದೇ ಎಳೆ ಹೊಸೆದು ಗಂಟು ಹಾಕತೊಡಗಿದ. ಬೆರಳು ಒರಟಾಗಿದ್ದರೂ ಗಂಟು ಸಣ್ಣದಾಗಿ ಬೀಳುತ್ತಿತ್ತು. ಮಾಳಮ್ಮ ಬೈಯಲು ಬಾಯಿ ತೆರೆದವಳು ಹಾಗೇ ನೋಡುತ್ತಾ ನಿಂತಳು.

ಅದು 1958ರ ಕಾರ್ತಿಕ. ಶಿಕಾರಿಪುರದಲ್ಲಿ ಬ್ಲಾಕ್ ಆಫೀಸಿನವರು ಊರಾಚೆಯ ಹೆಂಚಿನ ಶೆಡ್ಡಿನಲ್ಲಿ ಉಣ್ಣೆ ತರಬೇತಿ ಕೇಂದ್ರ ತೆರೆದಿದ್ದರು. ಹೆತ್ತವರಿಲ್ಲದವರು, ಕೆಲಸವಿಲ್ಲದೆ ಬೀದಿ ಸುತ್ತುವವರು, ಕೋರ್ಟಿನ ಮೆಟ್ಟಿಲು ಒಮ್ಮೆ ಹತ್ತಿ ಇಳಿದವರು... ಇಂಥ ಹನ್ನೆರಡು ಜನ ತರುಣರಿಗೆ ಆರು ತಿಂಗಳು ಊಟ, ವಸತಿ, ಕಂಬಳಿ ನೇಯ್ಗೆ. ಕೊನೆಗೆ ಪಾಸಾದವನಿಗೆ ಸ್ವಂತ ಮಗ್ಗ. ನೇಯ್ಗೆ ಕಲಿಸುವವನು ಉಚ್ಚಂಗಪ್ಪ. ನೂಲುವುದು ಕಲಿಸುವವಳು ಅವನ ಒಬ್ಬಳೇ ಮಗಳು, ಹತ್ತೊಂಬತ್ತರ ಮಾಳಮ್ಮ. ಅವಳನ್ನು ಕಂಡರೆ ಹನ್ನೊಂದು ಜನಕ್ಕೂ ಹೆದರಿಕೆ. ಹನ್ನೆರಡನೆಯವನು ಈಗ ಬಂದಿದ್ದ.

ಹೆಸರು ಸಣ್ಣಬೀರಪ್ಪ. ವಯಸ್ಸು ಇಪ್ಪತ್ತೊಂದು. ಸೊರಬದ ಆಚೆ, ಕ್ಯಾಸನೂರಿನ ಕಡೆಯವನು. ಕಂಟ್ರಾಕ್ಟರನೊಬ್ಬನ ಮಾತು ಕೇಳಿ ಗಂಧದ ಕೊರಡು ಹೊತ್ತು ಸಿಕ್ಕಿಬಿದ್ದಿದ್ದ. ಕಂಟ್ರಾಕ್ಟರ್ ಸಿಗಲಿಲ್ಲ, ಅಂಥವರು ಸಿಗುವುದೂ ಇಲ್ಲ. ಮೊದಲ ತಪ್ಪು ಎಂದು ಕೋರ್ಟು ಇವನ ತಂದೆ ಹುಚ್ಚರಾಯಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡು ಕೇಂದ್ರಕ್ಕೆ ಕಳಿಸಿತ್ತು.

ಉಚ್ಚಂಗಪ್ಪನಿಗೆ ಇವೆಲ್ಲ ಬೇಕಿರಲಿಲ್ಲ. ಕುರುಬರ ಹುಡುಗ ಎಂದು ಗೊತ್ತಾದ ಮೇಲೆ ಅವನು ಕೇಳುವುದು ಒಂದೇ ಮಾತು.

"ಯಾವ ಬೆಡಗಪ್ಪ ನಿಮ್ದು?"

ಸಣ್ಣಬೀರ ಗಂಟು ಹಾಕುವುದನ್ನು ಒಂದು ಗಳಿಗೆ ನಿಲ್ಲಿಸಿದ. "ಬನ್ನಿ ಬೆಡಗು" ಅಂದ.

ಉಚ್ಚಂಗಪ್ಪನ ಮುಖ ಅರಳಿತು. "ನಮ್ಮದೂ ಅದೇ. ಹಂಗಾದ್ರ ನೀನು ನಮ್ಮ ಮಾಳವ್ವಗ ಅಣ್ಣ ಆದಿ."

ಒಂದೇ ಬೆಡಗಿನವರು ಒಡಹುಟ್ಟಿದವರಿದ್ದ ಹಾಗೆ. ಅವರಲ್ಲಿ ಹೆಣ್ಣು ಕೊಟ್ಟು ತರುವ ಮಾತೇ ಇಲ್ಲ. ಹೀಗೆ ಒಂದು ಮಾತಿನಲ್ಲಿ ಮಾಳಮ್ಮನಿಗೆ ಅಣ್ಣ ಸಿಕ್ಕಿದ. ಹಾಸುನೂಲಿಗೆ ಗಂಜಿ ಹಚ್ಚಲು ಎರಡು ತುದಿಗೆ ಇಬ್ಬರು ಬೇಕು. ಒಂದೇ ಹದದಲ್ಲಿ ಕುಂಚ ಎಳೆಯುತ್ತಾ ಬಂದು ನಡುವೆ ಸೇರಬೇಕು. ಒಬ್ಬರು ಹಿಂದೆ ಬಿದ್ದರೂ ಎಳೆ ಒಣಗಿ ಮುರಿಯುತ್ತದೆ. ಬೇರೆ ಯಾರನ್ನಾದರೂ ಮಗಳ ಎದುರು ನಿಲ್ಲಿಸಲು ಉಚ್ಚಂಗಪ್ಪ ಹತ್ತು ಸಲ ಯೋಚಿಸುತ್ತಿದ್ದ. ಅಣ್ಣನಿಗೆ ಏನು ಅಡ್ಡಿ?

ದಿನಾ ಬೆಳಿಗ್ಗೆ ಅವಳು ಆ ತುದಿ, ಅವನು ಈ ತುದಿ. ನಡುವೆ ಬಂದಾಗ ಎರಡು ಮಾತು. ಅವನು ಕಾಡಂಚಿನ ಸುದ್ದಿ ಹೇಳುತ್ತಿದ್ದ. ಮಂಗಗಳು ಸತ್ತು ಬೀಳುವುದು, ಜನಕ್ಕೂ ಆ ಜ್ವರ ಹತ್ತುವುದು, ಕುರಿ ಮೇಯಿಸಲು ಹೋಗಲೂ ಹೆದರಿ ಕೆಲಸವಿಲ್ಲದೆ ಕೂತ ತರುಣರು. ಅವಳು ಅವನ ನೂಲನ್ನು ಹಂಗಿಸುತ್ತಿದ್ದಳು. ಇದು ನೂಲಲ್ಲ, ಎತ್ತಿನ ಹಗ್ಗ ಎನ್ನುತ್ತಿದ್ದಳು. ಅವನು ನಗುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ಮಾಳಮ್ಮನಿಗೆ ಒಂದು ವಿಷಯ ಅರಿವಿಗೆ ಬಂತು. ಅವನು ನಕ್ಕರೆ ಅವಳ ದಿನ ಚೆನ್ನಾಗಿರುತ್ತಿತ್ತು. ಅವನು ಒಂದು ದಿನ ಜ್ವರವೆಂದು ಮಲಗಿದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

'ಥೂ... ಇದೇನಿದು? ಅಣ್ಣನ ಮೇಲೆ ಇಂಥ ಮನಸ್ಸಾ? ಬೀರಪ್ಪ ದೇವರು ಮೆಚ್ಚುತ್ತಾನಾ?'

ಪ್ರೀತಿ ಹುಟ್ಟಿದ್ದಕ್ಕೆ ಹುಡುಗಿಯರು ನಾಚುವುದುಂಟು. ಮಾಳಮ್ಮ ನಡುಗಿಹೋದಳು. ಮರುದಿನ ಕುಂಚವನ್ನು ಇನ್ನೊಬ್ಬನ ಕೈಗಿತ್ತು ಶೆಡ್ಡಿನ ಒಳಗೆ ಹೋಗಿ ಕೂತಳು. ಸಣ್ಣಬೀರ ಏನಾಯಿತೆಂದು ಕೇಳಲು ಬಂದರೆ, ಇನ್ನು ಮೇಲೆ ತನ್ನ ಹತ್ತಿರ ಬರಬಾರದು, ಮಾತಾಡಿಸಬಾರದು ಎಂದು ಮುಖ ನೋಡದೆ ಹೇಳಿದಳು. ಕಾರಣ ಹೇಳಲಿಲ್ಲ. ಹೇಳುವುದಾದರೂ ಹೇಗೆ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಣ್ಣಬೀರ ಮಾಡಿದ್ದು ಅದನ್ನೇ. ಗಂಧ ಕದ್ದವನೆಂದು ತನ್ನ ಮೇಲೆ ಅವಳಿಗೆ ಹೇಸಿಗೆ ಹುಟ್ಟಿದೆ ಎಂದುಕೊಂಡ. ತಿಂಗಳುಗಟ್ಟಲೆ ಇಲ್ಲದ ಹೇಸಿಗೆ ಈಗೇಕೆ ಹುಟ್ಟಿತು ಎಂದು ಯೋಚಿಸುವಷ್ಟು ಬುದ್ಧಿ ಪ್ರೀತಿಸುವವರಿಗೆ ಇರುವುದಿಲ್ಲ.

ಹೌದು, ಅವನೂ ಪ್ರೀತಿಸಿದ್ದ. ಅವನಿಗೆ ಪಾಪದ ಭಯವಿರಲಿಲ್ಲ, ಏಕೆಂದರೆ ಅವನು ಅವಳಿಗೆ ಅಣ್ಣನೇ ಅಲ್ಲ! ಹುಚ್ಚರಾಯಪ್ಪ ಹೆತ್ತ ತಂದೆಯಲ್ಲ. ಕುಬಟೂರಿನಲ್ಲಿ ಅಪ್ಪ ಅಮ್ಮ ಇಬ್ಬರೂ ಚಳಿಜ್ವರಕ್ಕೆ ಹೋದಾಗ ಏಳು ವರ್ಷದ ಅವನನ್ನು ಕುರಿಯ ಹಿಂದೆ ಕರೆದುಕೊಂಡು ಹೋಗಿ ಸಾಕಿದವನು. ಕೋರ್ಟಿನಲ್ಲಿ ನಿನ್ನ ಮಗನಾ ಎಂದು ಕೇಳಿದಾಗ ಆ ಮುದುಕ ಹೌದು ಅಂದುಬಿಟ್ಟ. ಹಾಗನ್ನದಿದ್ದರೆ ಬಿಡುತ್ತಾರೋ ಇಲ್ಲವೋ ಎಂಬ ಹೆದರಿಕೆ. ಆಮೇಲೆ ಕಾಗದದಲ್ಲಿ ಅವನೇ ತಂದೆ, ಅವನ ಬನ್ನಿಯೇ ಬೆಡಗು.

ನಿಜ ಹೇಳಿದರೆ ಮಗ್ಗ ಹೋಗುತ್ತದೆ. ಮುಚ್ಚಳಿಕೆ ಸುಳ್ಳಾಗುತ್ತದೆ. ಸಾಕಿದ ಮುದುಕ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಹೇಸುವ ಹುಡುಗಿಗಾಗಿ ಇಷ್ಟೆಲ್ಲ ಏಕೆ? ಅವನು ಬಾಯಿ ಮುಚ್ಚಿಕೊಂಡ.

ಫಾಲ್ಗುಣದಲ್ಲಿ ಜಡೆ ಎಂಬ ಊರಿನಿಂದ ಗಂಡು ಬಂತು. ಒಳ್ಳೆಯ ಮನೆತನ, ಇನ್ನೂರು ಕುರಿ. ಮಾಳಮ್ಮ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಮದುವೆ ನಿಶ್ಚಯದ ಒಪ್ಪುವೀಳ್ಯಕ್ಕೆ ದಿನ ಗೊತ್ತಾಯಿತು. ಉಚ್ಚಂಗಪ್ಪನಿಗೆ ಗಂಡುಮಕ್ಕಳಿಲ್ಲ. ಹೆಣ್ಣಿನ ಅಣ್ಣನಾಗಿ ಕಂಬಳಿಯ ಮೇಲೆ ಕೂತು ಗಂಡಿನ ಕಡೆಯವರಿಗೆ ವೀಳ್ಯ ಕೊಡಲು ಒಬ್ಬ ಬೇಕು. ಅವನು ಸಣ್ಣಬೀರನನ್ನು ಕರೆದ.

ಆ ಬೆಳಿಗ್ಗೆ ಮನೆ ತುಂಬ ಜನ. ಕೇಂದ್ರದ ಸೂಪರ್‌ವೈಸರ್ ಚಂದ್ರಶೇಖರಪ್ಪನವರೂ ಊಟಕ್ಕೆ ಬಂದು ಮುಂದೆಯೇ ಕೂತಿದ್ದರು. ಸಣ್ಣಬೀರ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದ. ಮಾಳಮ್ಮ ಬಂದು ನಿಂತಳು. ಎರಡು ತಿಂಗಳ ಮೇಲೆ ಮೊದಲ ಮಾತು.

"ನೀ ಅಲ್ಲಿ ಕೂರಬ್ಯಾಡ. ಬ್ಯಾರೆ ಯಾರಾದ್ರೂ ಕೂರ್ಲಿ."

"ಕಳ್ಳನ ಕೈಯಿಂದ ವೀಳ್ಯ ಬ್ಯಾಡಾಂತಾನಾ?"

ಅವಳು ಬೆಚ್ಚಿ ಅವನ ಮುಖ ನೋಡಿದಳು. ಆ ಯೋಚನೆ ಅವಳ ತಲೆಯಲ್ಲಿ ಒಂದು ದಿನವೂ ಸುಳಿದಿರಲಿಲ್ಲ.

"ಅಲ್ಲ... ನಿನ್ನ ಅಣ್ಣ ಅನ್ನಕ ನನಗ ಬಾಯಿ ಬರವಲ್ದು. ಪಾಪ ಅಂತ ಗೊತ್ತು. ಗೊತ್ತಿದ್ರೂ ಬರವಲ್ದು."

ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಸಣ್ಣಬೀರ ತೊಳೆದ ಕಾಲಲ್ಲೇ ನಿಂತಿದ್ದ. ಹೇಸಿಗೆಯಲ್ಲ! ಹಾಗಾದರೆ ಅವಳ ಎದೆಯಲ್ಲಿ ಇಷ್ಟು ದಿನ ಕೂತಿದ್ದ ಪಾಪ ತಾನು ಆಡಿದ ಒಂದು ಸುಳ್ಳು. ಸಂತೋಷ ಮತ್ತು ನಾಚಿಕೆ ಎರಡೂ ಒಟ್ಟಿಗೆ ಬಂದವು.

ಒಳಗೆ ಹೋದ. ಹಾಸಿದ್ದ ಕಂಬಳಿಯ ಅಂಚಿಗೆ ನಿಂತ. ಕೂರಲಿಲ್ಲ.

ಉಚ್ಚಂಗಪ್ಪ ವೀಳ್ಯದ ತಟ್ಟೆ ಚಾಚಿದ.

"ಯಜಮಾನ್ರೇ, ನಾನು ಬನ್ನಿ ಬೆಡಗಿನವನಲ್ಲ" ಅಂದ ಸಣ್ಣಬೀರ. "ಹುಚ್ಚರಾಯಪ್ಪ ನನ್ನ ಸಾಕಿದಾತ. ನಾನು ಕುಬಟೂರಿನ ಜೀರಿಗೆ ಬೆಡಗಿನೋರ ಮಗ. ಈ ಕಂಬಳಿ ಮ್ಯಾಲೆ ಕುಂತು ಸುಳ್ಳು ಹೇಳಕ್ಕೆ ನನ್ನ ಕೈಲಿ ಆಗಲ್ಲ."

ಚಂದ್ರಶೇಖರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮನುಷ್ಯ, ಕೇಳಿಸಿಕೊಂಡಿಲ್ಲ ಎಂದು ನಟಿಸಲು ಆಗುತ್ತದೆಯೇ ಎಂದು ಯೋಚಿಸುತ್ತಿದ್ದರು. ಅಷ್ಟು ಜನರ ನಡುವೆ ಆಗುವಂತಿರಲಿಲ್ಲ.

ಜಡೆಯವರು ಎದ್ದರು. ಹೆಣ್ಣಿಗೂ ಈ ಹುಡುಗನಿಗೂ ಏನೋ ಇದೆ ಎಂದು ಅವರಲ್ಲಿ ಒಬ್ಬರು ಹೇಳಿಯೂ ಬಿಟ್ಟರು. ಉಚ್ಚಂಗಪ್ಪ ಸಣ್ಣಬೀರನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಮಗನೆಂದುಕೊಂಡಿದ್ದೆ ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಕೂತ. ಅದು ಹೊಡೆತಕ್ಕಿಂತ ಜೋರಾಗಿ ತಗುಲಿತು.

ಚಂದ್ರಶೇಖರಪ್ಪನವರು ಬರೆಯಲೇಬೇಕಾಯಿತು, ಬರೆದರು. ಸೊರಬದ ಕೋರ್ಟಿನಲ್ಲಿ ಹುಚ್ಚರಾಯಪ್ಪ ಕೈಮುಗಿದು ನಿಂತ. ಹೆತ್ತಿಲ್ಲ, ಆದರೆ ಹದಿನಾಲ್ಕು ವರ್ಷ ಉಣಿಸಿದ್ದೇನೆ ಎಂದ. ಮ್ಯಾಜಿಸ್ಟ್ರೇಟರು ಇಬ್ಬರಿಗೂ ಗದರಿ, ಪೋಷಕನೆಂದು ತಿದ್ದಿಸಿ ಹೊಸ ಮುಚ್ಚಳಿಕೆ ಬರೆಸಿಕೊಂಡರು. ಸೆರೆಮನೆ ತಪ್ಪಿತು. ಕೇಂದ್ರದ ಜಾಗವೂ ತಪ್ಪಿತು. ಅವನ ಪಾಲಿನ ಮಗ್ಗ ಇನ್ನೊಬ್ಬನ ಮನೆ ಸೇರಿತು.

ಸಣ್ಣಬೀರ ಊರಿಗೆ ಹೋದವನು ಸುದ್ದಿ ಕಳಿಸಲಿಲ್ಲ. ಕಳಿಸಲು ಏನಿತ್ತು? ಕಸುಬಿದೆ, ಮಗ್ಗವಿಲ್ಲ. ಪ್ರೀತಿಯಿದೆ, ಮುಖವಿಲ್ಲ.

ಇತ್ತ ಮಾಳಮ್ಮ ಮುಂದಿನ ಗಂಡನ್ನು ಬೇಡ ಅಂದಳು. ಈ ಸಲ ಸ್ಪಷ್ಟವಾಗಿಯೇ ಅಂದಳು. ಅದರ ಮುಂದಿನವನನ್ನೂ ಬೇಡ ಅಂದಳು. ಉಚ್ಚಂಗಪ್ಪ ಒಂದು ತಿಂಗಳು ಮಗಳೊಡನೆ ಮಾತು ಬಿಟ್ಟ. ಒಂದು ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಕುಬಟೂರಿಗೆ ಹೋದ. ಅಲ್ಲಿ ಮೂರು ಜನ ಮುದುಕಿಯರನ್ನು ಬೇರೆಬೇರೆಯಾಗಿ ಕೂರಿಸಿ ಸಣ್ಣಬೀರನ ಬೆಡಗು ವಿಚಾರಿಸಿದ. ಮೂವರೂ ಜೀರಿಗೆ ಎಂದೇ ಹೇಳಿದರು. ಮಗಳ ಕಣ್ಣೀರಿಗೆ ಕರಗದವನು ಮುದುಕಿಯರ ಸಾಕ್ಷಿಗೆ ಕರಗಿದ. ಒಂದಾದರೂ ಕಾರಣ ಬೇಕಿತ್ತು ಅವನಿಗೆ, ಸಿಕ್ಕಿತು.

ವೈಶಾಖದ ಒಂದು ಬೆಳಿಗ್ಗೆ ಅಪ್ಪ ಮಗಳು ಹುಚ್ಚರಾಯಪ್ಪನ ಮನೆ ಮುಂದೆ ನಿಂತಿದ್ದರು. ಮುದುಕರಿಬ್ಬರೂ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತರು. ಮೊದಲು ಮಳೆ ಬೆಳೆ, ಆಮೇಲೆ ಕುರಿ, ಆಮೇಲೆ ಮಕ್ಕಳ ವಿಷಯ. ಅದಕ್ಕೆ ಹೊತ್ತು ಹಿಡಿಯುತ್ತದೆ.

ಮಾಳಮ್ಮ ಒಳಗೆ ಹೋದಳು. ಸಣ್ಣಬೀರ ಕುರಿಯ ಕತ್ತರಿ ಮಸೆಯುತ್ತಿದ್ದವನು ಎದ್ದು ನಿಂತ. ಕೈ ಒರೆಸಿಕೊಂಡ.

"ಸುಳ್ಳು ಹೇಳಿ ನಿನ್ನ ಅಳಿಸಿದೆ" ಅಂದ.

"ಹೂಂ. ಭಾಳ ಅಳಿಸಿದಿ."

"ನಿನ್ನ ಬಿಟ್ಟು ಬ್ಯಾರೆ ಏನೂ ಬ್ಯಾಡ ಅನ್ನಿಸ್ತದೆ ಮಾಳವ್ವ. ಆದ್ರೆ ನಂಗೆ ಮಗ್ಗ ಇಲ್ಲ."

ಅವಳು ಮನೆಯ ಒಳಗನ್ನು ಸುತ್ತ ನೋಡಿದಳು. ಒಂದೇ ಕೋಣೆ, ಮಣ್ಣಿನ ನೆಲ, ಮೂಡಲಿಗೆ ಒಂದು ಕಿಂಡಿ. ಅದರ ಕೆಳಗೆ ಬಿಸಿಲು ಚೌಕವಾಗಿ ಬಿದ್ದಿತ್ತು. ಅಲ್ಲಿಗೆ ನಡೆದು ಹೋಗಿ ನಿಂತಳು.

"ಮರದ ಕೆಲಸ ಅಪ್ಪ ಮಾಡಿಕೊಡ್ತಾನ. ನೇಕಾರ ಕಾಲಿಡೋ ಗುಂಡಿ ಮಾತ್ರ ನೀನೇ ತೋಡಬೇಕು" ಅಂದಳು. "ಇಲ್ಲಿ ತೋಡು. ಬೆಳಕು ಐತಿ."

ಸಣ್ಣಬೀರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಅವನ ಕಣ್ಣು ತುಂಬಿತು. ಅವನು ಅದನ್ನು ಮುಚ್ಚಿಡಲೂ ಹೋಗಲಿಲ್ಲ.

"ನೀ ನೂಲಕ್ಕೆ ಎಲ್ಲಿ ಕೂರ್ತಿ?" ಎಂದು ಕೇಳಿದ.

"ಇಲ್ಲೇ, ಎದುರಿಗೆ" ಅಂದಳು ಮಾಳಮ್ಮ. "ನೀ ಕೆಟ್ಟದಾಗಿ ನೇದ್ರೆ ಬೈಯಕ ಹತ್ರ ಇರಬೇಕಲ್ಲ."

ಅವನು ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡ.